ಶನಿವಾರದ ಯಕ್ಷಗಾನ ತರಗತಿ: ವೇಳಾಪಟ್ಟಿಯ ಹೊರಗೆ ಕಳೆದ ಒಂದು ವರ್ಷ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ 9.30ರಿಂದ 12ರವರೆಗೆ ಮಕ್ಕಳಿಗಾಗಿ ಯಕ್ಷಗಾನ ತರಗತಿ ನಡೆಯುತ್ತದೆ. ಏಳನೆಯ ತರಗತಿಯಲ್ಲಿದ್ದ ನಮ್ಮ ಮಗಳನ್ನು ಕಳೆದ ಜೂನ್ ತಿಂಗಳಲ್ಲಿ ಅಲ್ಲಿಗೆ ಸೇರಿಸಿದೆವು. ಮಳೆಯ ರಜೆ, ಹಬ್ಬ, ಪರೀಕ್ಷೆಗಳಿಂದಾಗಿ ತಪ್ಪಿದ ವಾರಗಳನ್ನು ಕಳೆದರೆ ಮಾರ್ಚ್‌ವರೆಗೆ ಒಟ್ಟು 29 ತರಗತಿಗಳು ನಡೆದವು. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ನಾನು ಶಾಲೆಯ ಜಗಲಿಯಲ್ಲಿ ಕುಳಿತು ಪಾಠವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ತಿಂಗಳ ಶುಲ್ಕ 300 ರೂಪಾಯಿ. ಗೆಜ್ಜೆಯನ್ನು ತರಗತಿಯವರೇ ಒದಗಿಸುತ್ತಾರೆ. ವರ್ಷದ ಕೊನೆಯ ಪ್ರದರ್ಶನಕ್ಕೆ ತರಿಸುವ ವೇಷಭೂಷಣದ ಬಾಡಿಗೆಯನ್ನು ಮಾತ್ರ ಹೆತ್ತವರು ಹಂಚಿಕೊಳ್ಳಬೇಕು. ಬರುವ ಜೂನ್‌ನಲ್ಲಿ ಮಕ್ಕಳನ್ನು ಸೇರಿಸುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲಿ ಎಂದು ಈ ಅನುಭವವನ್ನು ಬರೆಯುತ್ತಿದ್ದೇನೆ. ಆ ಜಗಲಿಯಲ್ಲಿ ಕುಳಿತಾಗಲೆಲ್ಲ ನನ್ನನ್ನು ಕಾಡಿದ ಒಂದು ಪ್ರಶ್ನೆಯನ್ನೂ ಇದರ ಜೊತೆಗೆ ಇಡಬೇಕಾಗಿದೆ: ಇಷ್ಟು ಶ್ರದ್ಧೆಯಿಂದ ನಡೆಯುವ ಪಾಠಕ್ಕೆ ಸೋಮವಾರದಿಂದ ಶುಕ್ರವಾರದವರೆಗಿನ ವೇಳಾಪಟ್ಟಿಯಲ್ಲಿ ಯಾಕೆ ಜಾಗವಿಲ್ಲ?

ಮಗಳು ಐದನೆಯ ತರಗತಿಯವರೆಗೆ ಓದಿದ್ದು ಬೇರೊಂದು ಶಾಲೆಯಲ್ಲಿ. ಅಲ್ಲಿನ ವೇಳಾಪಟ್ಟಿಯಲ್ಲಿ ಶುಕ್ರವಾರದ ಕೊನೆಯ ಅವಧಿಗೆ ‘ಕಲೆ’ ಎಂದು ಬರೆದಿತ್ತು. ಹೆಚ್ಚಿನ ವಾರಗಳಲ್ಲಿ ಆ ಅವಧಿಯಲ್ಲಿ ನಡೆಯುತ್ತಿದ್ದುದು ಗಣಿತದ ಬಾಕಿ ಪಾಠ. ಪರೀಕ್ಷೆ ಹತ್ತಿರವಾದಾಗ ಪ್ರಶ್ನೋತ್ತರ ಬರೆಸುವುದು. ಉಳಿದ ಕೆಲವೇ ವಾರಗಳಲ್ಲಿ ಹಲಗೆಯ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ಮನೆ ಮೂಡುತ್ತಿತ್ತು ಮತ್ತು ಮಕ್ಕಳು ಅದನ್ನೇ ನೋಡಿ ಬರೆದು ಬಣ್ಣ ತುಂಬುತ್ತಿದ್ದರು. ಅಡಿಕೆ ತೋಟಗಳ ನಡುವೆಯೇ ಬೆಳೆಯುವ ಈ ಮಕ್ಕಳಲ್ಲಿ ಒಬ್ಬರ ಪುಸ್ತಕದಲ್ಲಿಯೂ ನಾನು ಅಡಿಕೆ ಮರವನ್ನು ಕಾಣಲಿಲ್ಲ. ಅಲ್ಲಿನ ಅಧ್ಯಾಪಕಿಯನ್ನು ನಾನು ದೂರುವುದಿಲ್ಲ. ಮೂರು ವಿಷಯಗಳ ಪಾಠವನ್ನು ಹೊತ್ತಿದ್ದ ಅವರಿಗೆ ಚಿತ್ರಕಲೆಯನ್ನು ಯಾರೂ ಕಲಿಸಿರಲಿಲ್ಲ. ಆ ಅವಧಿಯನ್ನು ಅವರ ಹೆಸರಿಗೆ ಬರೆದದ್ದು ಖಾಲಿ ಜಾಗ ತುಂಬುವುದಕ್ಕಾಗಿ ಮಾತ್ರ.

ಶನಿವಾರದ ತರಗತಿಯಲ್ಲಿ ಕಲಿಸುವವರು ಹಲವು ವರ್ಷ ಮೇಳಗಳಲ್ಲಿ (ಯಕ್ಷಗಾನ ತಂಡಗಳಲ್ಲಿ) ತಿರುಗಾಟ ಮಾಡಿ ನಿವೃತ್ತರಾದ, ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಒಬ್ಬ ವೇಷಧಾರಿ. ಮಕ್ಕಳು, ಹೆತ್ತವರು ಎಲ್ಲರೂ ಅವರನ್ನು ಮಾಷ್ಟ್ರು ಎಂದೇ ಕರೆಯುತ್ತೇವೆ. ಗೆಜ್ಜೆ ಕಟ್ಟಿ ಕುಣಿಯುವ ಆಸೆಯಿಂದ ಬಂದ 26 ಮಕ್ಕಳಿಗೆ ಅವರು ಮೊದಲ ಐದು ವಾರ ಒಂದು ಹೆಜ್ಜೆಯನ್ನೂ ಹೇಳಿಕೊಡಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕೈಯಲ್ಲಿ ತಾಳ ಹಾಕುತ್ತ ಬಾಯಿತಾಳ, ಅಂದರೆ ತಾಳದ ನುಡಿಗಳನ್ನು ಬಾಯಲ್ಲಿ, ಹೇಳುವುದಷ್ಟೇ ಪಾಠ. 4 ಅಕ್ಷರಗಳ (ಎಣಿಕೆಗಳ) ಏಕತಾಳದಿಂದ ಆರಂಭಿಸಿ, 6ರ ರೂಪಕ, 7ರ ತ್ರಿವುಡೆ, 10ರ ಝಂಪೆ, 14ರ ಅಷ್ಟತಾಳ ಹೀಗೆ ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಎರಡನೆಯ ವಾರವೇ ಒಬ್ಬ ತಾಯಿ, ಮಕ್ಕಳಿಗೆ ಬೇಸರ ಬರುತ್ತಿದೆ, ಸ್ವಲ್ಪ ಕುಣಿಸಬಾರದೇ ಎಂದು ಕೇಳಿದರು. “ತಾಳ ತಪ್ಪಿದ ಮಗುವನ್ನು ರಂಗದಲ್ಲಿ ಚೆಂಡೆಯವನು ಕಾದು ನಿಲ್ಲುವುದಿಲ್ಲ ಅಕ್ಕ” ಎಂದು ಮಾಷ್ಟ್ರು ಹೇಳಿದರೇ ಹೊರತು ಕ್ರಮವನ್ನು ಬದಲಿಸಲಿಲ್ಲ.

ತ್ರಿವುಡೆಯ ವಾರ ನನಗೆ ಚೆನ್ನಾಗಿ ನೆನಪಿದೆ. ನಾಲ್ಕು, ಎಂಟರ ಲೆಕ್ಕದ ಸಿನೆಮಾ ಹಾಡುಗಳಿಗೆ ಒಗ್ಗಿಹೋದ ಕಿವಿಗಳು ಏಳನ್ನು ಒಪ್ಪಲಿಲ್ಲ. ಏಳು ಮುಗಿದೊಡನೆ ಮಕ್ಕಳು ತಮಗೆ ಅರಿವಿಲ್ಲದೆಯೇ ಒಂದು ಪೆಟ್ಟು ಸೇರಿಸಿ ಎಂಟು ಮಾಡುತ್ತಿದ್ದರು. ಮಾಷ್ಟ್ರು ಗದರಿಸಲಿಲ್ಲ, ತಾವೇ ಜೋರಾಗಿ ತಾಳ ಹಾಕಿ ಮಕ್ಕಳನ್ನು ಎಳೆದುಕೊಂಡು ಹೋಗಲೂ ಇಲ್ಲ. ಅರ್ಧದಷ್ಟು ಮಕ್ಕಳನ್ನು ಸುಮ್ಮನೆ ಕೂರಿಸಿ, ಉಳಿದವರು ಹಾಕುವ ತಾಳದಲ್ಲಿ ಎಲ್ಲಿ ಒಂದು ಹೆಚ್ಚಾಯಿತೆಂದು ಕೈ ಎತ್ತಿ ತೋರಿಸಲು ಹೇಳಿದರು. ಬೇರೆಯವರ ತಪ್ಪನ್ನು ಕೇಳಿ ಹಿಡಿಯಲು ಕಲಿತ ಮೇಲೆ ಮಕ್ಕಳಿಗೆ ತಮ್ಮ ತಪ್ಪೂ ಕೇಳಿಸತೊಡಗಿತು. ಆ ದಿನ ಎಲ್ಲರಿಗಿಂತ ಮೊದಲು ಏಳನ್ನು ಮೂರು ಮತ್ತು ನಾಲ್ಕಾಗಿ ಒಡೆದು ಸರಿಯಾಗಿ ನಿಲ್ಲಿಸಿದವನು ಆರನೆಯ ತರಗತಿಯ ಒಬ್ಬ ಸಣ್ಣ ಹುಡುಗ. ಅವನ ವಿಷಯವನ್ನು ಮುಂದೆ ಹೇಳಬೇಕಾಗಿದೆ. ನಮ್ಮ ಮಗಳಿಗೆ ಅದು ಕೈಗೆ ಹತ್ತಲು ಇನ್ನೂ ಎರಡು ವಾರ ಹಿಡಿಯಿತು; ಊಟದ ಬಟ್ಟಲಿನ ಅಂಚಿನಲ್ಲಿ ಬೆರಳಾಡಿಸುತ್ತ ಅವಳು ಏಳರ ಜಾಗ ಹುಡುಕುತ್ತಿದ್ದುದನ್ನು ಮನೆಯವರೆಲ್ಲರೂ ಕೇಳಿದ್ದೇವೆ.

ಹೆಜ್ಜೆಯ ಪಾಠದಲ್ಲಿಯೂ ಇದೇ ನಿಧಾನ, ಇದೇ ಎಚ್ಚರ. ಮೊಣಕಾಲೂರಿ ಸುತ್ತುವ ಮಂಡಿಯನ್ನಾಗಲಿ ಹಾರಿ ತಿರುಗುವ ದಿಗಿಣವನ್ನಾಗಲಿ ಅವರು ಸಿಮೆಂಟಿನ ನೆಲದ ಮೇಲೆ ಯಾವ ಮಗುವಿಗೂ ಮಾಡಗೊಡಲಿಲ್ಲ. ಬೆಳೆಯುವ ಮಕ್ಕಳ ಮೊಣಕಾಲಿನ ಬಗ್ಗೆ ಅವರಿಗಿದ್ದ ಈ ಕಾಳಜಿ ನನಗೆ ಧೈರ್ಯ ಕೊಟ್ಟಿತು.

ಆದರೆ ಈ ತರಗತಿಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಯಾವುದೆಂದು ಕೇಳಿದರೆ ನಾನು ಅರ್ಥಗಾರಿಕೆಯ, ಅಂದರೆ ಪದ್ಯದ ಆಧಾರದಲ್ಲಿ ಪಾತ್ರದ ಮಾತು ಆಡುವ ಕಲೆಯ, ಪಾಠ ಎನ್ನುತ್ತೇನೆ. ಸ್ಪರ್ಧೆಗೆ ಸಿದ್ಧವಾಗುವ ಶಾಲಾ ತಂಡಗಳಿಗೆ ಸಾಮಾನ್ಯವಾಗಿ ದೊಡ್ಡವರೊಬ್ಬರು ಮಾತುಗಳನ್ನು ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇಲ್ಲಿ ಹಾಗಲ್ಲ. ಮಾಷ್ಟ್ರು ಪದ್ಯವನ್ನು ಎರಡು ಸಲ ಹಾಡಿ, ಕಠಿಣ ಪದಗಳ ಅರ್ಥ ತಿಳಿಸಿ, ಆ ಪಾತ್ರ ಏನು ಹೇಳೀತೆಂದು ಪ್ರತಿಯೊಬ್ಬರೂ ಸ್ವಂತ ಮಾತಿನಲ್ಲಿ ನಾಲ್ಕು ವಾಕ್ಯ ಬರೆದು ತರಬೇಕು, ಹೇಳುವಾಗ ಕಾಗದವನ್ನು ಕೆಳಗಿಡಬೇಕು ಎನ್ನುತ್ತಾರೆ. ಯಕ್ಷಗಾನದ ಮಾತಿನಲ್ಲಿ ಇಂಗ್ಲಿಷ್ ಪದ ನುಸುಳಬಾರದೆಂಬ ಹಳೆಯ ಶಿಸ್ತನ್ನು ಇಲ್ಲಿಯೂ ಬಿಟ್ಟುಕೊಟ್ಟಿಲ್ಲ. ಸಾರಿ, ಟೈಮ್, ಪ್ಲಾನ್ ಎಂಬ ಪದಗಳಿಲ್ಲದೆ ಒಂದು ವಾಕ್ಯವನ್ನು ಮುಗಿಸಲಾಗದ ಮಕ್ಕಳು ‘ಹವಣಿಕೆ’, ‘ಅವಧಿ’, ‘ಮನ್ನಿಸು’ ಎಂಬ ಪದಗಳನ್ನು ತಾವೇ ಹುಡುಕಿಕೊಂಡು ಬಂದರು.

ಸೆಪ್ಟೆಂಬರ್‌ನ ಒಂದು ಶನಿವಾರ ಮಕ್ಕಳನ್ನು ಎದುರುಬದುರಾಗಿ ಕೂರಿಸಿ ಸಣ್ಣದೊಂದು ಕೂಟ ನಡೆಸಿದರು. ಸಂಧಾನಕ್ಕೆ ಬಂದ ಕೃಷ್ಣ ಒಂದು ಕಡೆ, ದುರ್ಯೋಧನ ಇನ್ನೊಂದು ಕಡೆ. ಎದುರಾಳಿಯ ಕೊನೆಯ ಮಾತನ್ನು ಮೊದಲು ಸರಿಯಾಗಿ ಎತ್ತಿ ಹೇಳಬೇಕು, ಆಮೇಲೆಯೇ ಉತ್ತರ ಕೊಡಬೇಕು ಎಂಬುದೊಂದೇ ನಿಯಮ. ಮನೆಯಲ್ಲಿ ಬ್ಯಾರಿ ಭಾಷೆ ಮಾತನಾಡುವ ಒಬ್ಬ ಹುಡುಗ ದುರ್ಯೋಧನನಾಗಿದ್ದ. “ಇಂದು ಐದು ಗ್ರಾಮ ಕೇಳುವವನು ನಾಳೆ ಆರನೆಯದನ್ನು ಕೇಳಲಾರನೆಂಬುದಕ್ಕೆ ಏನು ಆಧಾರ?” ಎಂದು ಅವನು ಕೇಳಿದಾಗ ಜಗಲಿಯಲ್ಲಿದ್ದ ನಾವು ಕೂಡ ನೆಟ್ಟಗೆ ಕುಳಿತೆವು. ಕೃಷ್ಣನ ಪಾತ್ರದಲ್ಲಿದ್ದವಳು ಮನೆಮಾತು ಮಲಯಾಳವಾಗಿರುವ ಹುಡುಗಿ. ಅವಳು ತುಸು ಹೊತ್ತು ಸುಮ್ಮನಿದ್ದು, ಅವನ ಮಾತನ್ನು ಒಂದಕ್ಷರ ಬಿಡದೆ ಎತ್ತಿ ಹೇಳಿ, “ನಾಳೆ ಕೇಳಬಹುದಾದ್ದಕ್ಕೆ ಹೆದರಿ ಇಂದು ಕೊಡಬೇಕಾದ್ದನ್ನು ಕೊಡದಿರುವುದು ರಾಜನಿಗೆ ತಕ್ಕದ್ದೇ?” ಎಂದಳು. ಆ ತರಗತಿಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳೂ ಇದ್ದಾರೆ. ಈ ಎಲ್ಲ ಮಕ್ಕಳು ಕನ್ನಡದಲ್ಲಿ ಆಲೋಚಿಸಿ, ಕನ್ನಡದಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಂಡು, ಕನ್ನಡದಲ್ಲಿ ವಾದಿಸಿದ್ದನ್ನು ನಾನು ಯಾವ ಭಾಷಾ ಪಾಠದ ಅವಧಿಯಲ್ಲಿಯೂ ನೋಡಿರಲಿಲ್ಲ. ತೆಂಕುತಿಟ್ಟಿನ ಪ್ರಸಂಗಗಳಿಗೆ (ಆಟದ ಕಥಾಕಾವ್ಯಗಳಿಗೆ) ಅಡಿಪಾಯ ಹಾಕಿದ ಕವಿ ಪಾರ್ತಿಸುಬ್ಬ ಕುಂಬಳೆಯವನು. ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯ ಮಾತಿಗೆ ಎತ್ತರ ಕೊಟ್ಟ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇದೇ ಕಾಸರಗೋಡಿನ ನೆಲದವರು. ಸಂವಿಧಾನದ ಮೂಲರಚನೆಯ ಬಗೆಗಿನ 1973ರ ತೀರ್ಪಿನಿಂದ ದೇಶಕ್ಕೆಲ್ಲ ಪರಿಚಿತರಾದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಇಲ್ಲಿನವರಿಗೆ ಭಾಗವತಿಕೆ (ಯಕ್ಷಗಾನದ ಪದ್ಯಗಳ ಹಾಡುಗಾರಿಕೆ) ಮಾಡುತ್ತಿದ್ದ ಕಲಾವಿದರೂ ಹೌದು. ಇಂಥ ನೆಲದ ಮಕ್ಕಳು ಈ ವಿದ್ಯೆಯನ್ನು ಕಲಿಯಲು ವಾರದ ರಜೆಯ ದಿನ ಹಣ ಕೊಟ್ಟು ಬರಬೇಕಾಗಿದೆ ಎಂಬುದು ನನಗೆ ನೋವಿನ ವಿಷಯ.

ಜನವರಿಯ ಎರಡು ಶನಿವಾರಗಳನ್ನು ಮುಖವರ್ಣಿಕೆಗೆ ಮೀಸಲಿಟ್ಟಿದ್ದರು. ಮಕ್ಕಳು ಮೊದಲು ಕಾಗದದ ಮೇಲೆ ಮುಖದ ಆಕಾರ ಬರೆದು ಬಣ್ಣದ ರೇಖೆಗಳನ್ನು ಗುರುತಿಸಿದರು. ಆಮೇಲೆ ಕೈಗನ್ನಡಿ ಹಿಡಿದು ಅದೇ ರೇಖೆಗಳನ್ನು ತಮ್ಮ ಮುಖದ ಮೇಲೆ ಎಳೆದರು. ಎಡ ಹುಬ್ಬು ಬಲ ಹುಬ್ಬುಗಳನ್ನು ಸಮನಾಗಿಸುವ ಆ ಪ್ರಯತ್ನದಲ್ಲಿ ಅವರು ಕಲಿತ ಚಿತ್ರಕಲೆಯನ್ನು ಗುಡ್ಡ ಮತ್ತು ಸೂರ್ಯನ ನಕಲು ಎಂದೂ ಕಲಿಸಲಾರದು. ಕಿಟಕಿಗಳನ್ನು ಮುಚ್ಚಿ ಟಾರ್ಚ್ ಬೆಳಕಿನಲ್ಲಿ ಕೆಂಪು, ಕಪ್ಪು, ಬಿಳಿ ಹೇಗೆ ಬದಲಾಗುತ್ತವೆಂದು ತೋರಿಸಿದರು. ಹಿಂದಿನವರು ಬಳಸುತ್ತಿದ್ದ ಹಳದಿ ಬಣ್ಣದ ಅರದಾಳದಲ್ಲಿ ಆರ್ಸೆನಿಕ್, ಕೆಂಪು ಬಣ್ಣದ ಇಂಗಳಿಕದಲ್ಲಿ ಪಾದರಸ ಇರುವುದರಿಂದ ಅವುಗಳನ್ನು ಮಕ್ಕಳ ಮುಖಕ್ಕೆ ಮುಟ್ಟಿಸುವಂತಿಲ್ಲ ಎಂದು ವಿವರಿಸಿದರು. ಅರೆದ ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಚಿಟ್ಟಿ, ಅಂದರೆ ಉಬ್ಬಿ ನಿಲ್ಲುವ ಬಿಳಿಯ ಚುಕ್ಕೆ, ಇಡುವುದನ್ನು ಹಿರಿಯ ಕಲಾವಿದರೊಬ್ಬರ ಮುಖದಲ್ಲಿಯೇ ಮಾಡಿ ತೋರಿಸಿದರು. ತರಗತಿ ಮುಗಿಯುವ ಹೊತ್ತಿಗೆ ಆ ಮುಖ ಅರ್ಧ ಮಾತ್ರ ಆಗಿತ್ತು. ಒಂದು ಮಗುವೂ ಮನೆಗೆ ಹೋಗಲು ಅವಸರ ಮಾಡಲಿಲ್ಲ.

ಇದನ್ನೆಲ್ಲ ನೆಂಟರಿಷ್ಟರಲ್ಲಿ ಹೇಳಿದಾಗ ಬರುವ ಪ್ರಶ್ನೆ ಒಂದೇ: ಇದರಿಂದ ಮಾರ್ಕು ಹೆಚ್ಚಾಗುತ್ತದೆಯೇ? ತಾಳದಿಂದ ಗಣಿತ ಸುಲಭವಾಗುತ್ತದೆ, ಬಾಯಿಪಾಠದಿಂದ ನೆನಪು ಬಲವಾಗುತ್ತದೆ ಎಂದು ಮೊದಮೊದಲು ನಾನೂ ಉತ್ತರಿಸುತ್ತಿದ್ದೆ. ಏಕತಾಳವನ್ನೂ ತ್ರಿವುಡೆಯನ್ನೂ ಒಟ್ಟಿಗೆ ಆರಂಭಿಸಿದರೆ 28 ಅಕ್ಷರಗಳ ನಂತರವೇ ಮತ್ತೆ ಒಟ್ಟಿಗೆ ಮೊದಲಾಗುತ್ತವೆ ಎಂದು ಮಗಳು ತಾನಾಗಿಯೇ ಕಂಡುಕೊಂಡು ಬಂದಾಗ ಸಂತೋಷಪಟ್ಟದ್ದೂ ನಿಜ. ಆದರೆ ಈಗ ಆ ಉತ್ತರವನ್ನು ನಾನು ಕೊಡುವುದಿಲ್ಲ. ಕಲೆಯನ್ನು ಗಣಿತದ ಸಹಾಯಕನೆಂದು ಒಪ್ಪಿಕೊಂಡರೆ, ಸಮಯ ಸಾಲದಾದಾಗ ಸಹಾಯಕನನ್ನು ಕಳುಹಿಸಿ ಗಣಿತವನ್ನೇ ಕೂರಿಸುವುದು ನ್ಯಾಯವೆನಿಸಿಬಿಡುತ್ತದೆ. ಆ ಶುಕ್ರವಾರದ ಅವಧಿಗೆ ಆದದ್ದು ಅದೇ. ಏಳನ್ನು ಏಳಾಗಿಯೇ ಕೇಳುವ ಕಿವಿ, ಎದುರಾಳಿಯ ಮಾತನ್ನು ತಿರುಚದೆ ಎತ್ತಿಕೊಳ್ಳುವ ನಾಲಿಗೆ, ತನ್ನ ಮುಖವನ್ನೇ ಚಿತ್ರದ ಹಲಗೆಯಾಗಿ ನೋಡುವ ಕಣ್ಣು, ಇವನ್ನು ಶಾಲೆಯ ಬೇರೆ ಯಾವ ಪಾಠವೂ ಕಲಿಸುವುದಿಲ್ಲ. ವೇಳಾಪಟ್ಟಿಯಲ್ಲಿ ಸ್ವಂತ ಜಾಗ ಕೇಳಲು ಕಲೆಗೆ ಈ ಒಂದು ಕಾರಣ ಸಾಕು.

ಕಾಗದದ ಮೇಲೆ ಈ ಜಾಗವನ್ನು ಕೊಟ್ಟು ಬಹಳ ಕಾಲವಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆ, ರಂಗಭೂಮಿಗಳನ್ನು ಹತ್ತನೆಯ ತರಗತಿಯವರೆಗೆ ಒಂದು ವಿಷಯವಾಗಿಯೇ ಕಲಿಸಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನದ ನಡುವೆ, ಪಠ್ಯ ಮತ್ತು ಪಠ್ಯೇತರ ಎಂಬುದರ ನಡುವೆ ಗಟ್ಟಿ ಗೋಡೆ ಬೇಡ ಎಂದಿತು. 2023ರ ಪಠ್ಯಕ್ರಮ ಚೌಕಟ್ಟಿನಲ್ಲಿ ಕಲಾ ಶಿಕ್ಷಣ ಒಂದು ಪ್ರತ್ಯೇಕ ಕಲಿಕಾ ಕ್ಷೇತ್ರ. ಕಲಿಸುವವರು ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಮಾತು ತೆಳುವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಬೇಕು, ಆದರೆ ದಾಖಲಾದ ಮಕ್ಕಳ ಸಂಖ್ಯೆ 100ನ್ನು ಮೀರಿದರೆ ಮಾತ್ರ. ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಹಳ್ಳಿಯ ಸಣ್ಣ ಕನ್ನಡ ಶಾಲೆಗಳು ಈ ಗೆರೆಯ ಕೆಳಗೆ ಉಳಿಯುತ್ತವೆ. ಕಲೆಯ ಪಾಠ ಅತ್ಯಗತ್ಯವಾಗಿರುವ ಕಡೆಯಲ್ಲಿಯೇ ಕಲಿಸುವವರಿಲ್ಲ. ಇತರ ಪಾಠಗಳೊಳಗೆ ಕಲೆಯನ್ನು ಬೆಸೆಯಬೇಕೆಂಬ ಮಾತೂ ಈಗ ಕೇಳಿಬರುತ್ತದೆ. ಅದು ಒಳ್ಳೆಯದೇ, ಆದರೆ ವಿಜ್ಞಾನದ ಚಾರ್ಟಿಗೆ ಎಲೆಯ ಚಿತ್ರ ಬರೆದು ಹಸಿರು ತುಂಬಿದ ಮಾತ್ರಕ್ಕೆ ಕಲಾ ಪಾಠ ಆಯಿತೆಂದು ತಿಳಿಯುವುದನ್ನು ನಾನು ಒಪ್ಪಲಾರೆ. ಇಲ್ಲಿಂದ ದೂರವಲ್ಲದ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ನಡೆಸಿದವರು; ಆಟವನ್ನೂ ನಾಟಕವನ್ನೂ ಕಲಿಕೆಯ ಒಳಗೇ ತರಬೇಕೆಂಬುದು ನಮ್ಮ ಸೀಮೆಗೆ ಹೊಸ ವಿಚಾರವಲ್ಲ.

ಇನ್ನು ತರಗತಿಯ ಕೊರತೆಗಳು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. 1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾದ ಈ ಉತ್ಸವದ ಬಗ್ಗೆ ನನಗೆ ಗೌರವವಿದೆ. 2019ರಲ್ಲಿ ಅದು ನಮ್ಮ ಜಿಲ್ಲೆಯ ಕಾಞಂಗಾಡಿಗೆ ಬಂದಾಗ ಜಿಲ್ಲೆಗೆ ಜಿಲ್ಲೆಯೇ ಸಂಭ್ರಮಿಸಿತು. ಆದರೆ ಉಪಜಿಲ್ಲಾ ಸ್ಪರ್ಧೆ ಹತ್ತಿರ ಬಂದಂತೆ ನಮ್ಮ ತರಗತಿಯ ಸ್ವರೂಪವೇ ಬದಲಾಯಿತು. ಅಕ್ಟೋಬರ್ ನಡುವಿನಿಂದ ಐದು ಶನಿವಾರ ಹೈಸ್ಕೂಲಿನ ಆಯ್ದ ಮಕ್ಕಳ ತಂಡಕ್ಕೆ ಮಾತ್ರ ಪಾಠ. ಉಳಿದವರು ಗೋಡೆಗೊರಗಿ ಕುಳಿತು ನೋಡಿದರು. ನಮ್ಮ ಮಗಳೂ ಅವರಲ್ಲಿ ಒಬ್ಬಳು. ಶುಲ್ಕ ಕೊಟ್ಟವರೆಂಬ ಕಾರಣಕ್ಕಾಗಿ ನಾನಿದನ್ನು ಹೇಳುತ್ತಿಲ್ಲ. ಕೆಲವರ ಬಹುಮಾನಕ್ಕಾಗಿ ಹಲವರ ಕಲಿಕೆಯನ್ನು ನಿಲ್ಲಿಸುವುದು ಶಾಲೆಯ ಆವರಣದಲ್ಲಿ ನಡೆಯಬಾರದ ಕೆಲಸ. ಮಾಷ್ಟ್ರಲ್ಲಿ ಈ ವಿಷಯ ಪ್ರಸ್ತಾಪಿಸಿದಾಗ ಅವರು ಅಲ್ಲಗಳೆಯಲಿಲ್ಲ. ತಂಡ ಗೆಲ್ಲದಿದ್ದರೆ ತರಗತಿಗೆ ಜಾಗ ಕೊಡುವವರ ಆಸಕ್ತಿಯೂ ಕಡಿಮೆಯಾಗುತ್ತದೆಂದು ಬೇಸರದಿಂದ ಹೇಳಿದರು. ಹಿಮ್ಮೇಳದ (ಹಾಡು, ವಾದ್ಯಗಳ) ಪಾಠವೂ ಸಾಲದು. ಇಷ್ಟು ಮಕ್ಕಳಿಗೆ ಒಂದು ಚೆಂಡೆ, ಒಂದು ಮದ್ದಳೆ. ತಿಂಗಳಿಗೊಮ್ಮೆ ಕೈ ತಾಗಿದರೆ ಅದೇ ಹೆಚ್ಚು. ಜುಲೈಯಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಬಾಯಿತಾಳವೇ ಕೇಳಿಸುವುದಿಲ್ಲ. ಮಗು ಎಲ್ಲಿಯವರೆಗೆ ಬಂದಿದೆ, ಮುಂದೇನು ಕಲಿಯಬೇಕು ಎಂದು ಬರವಣಿಗೆಯಲ್ಲಿ ತಿಳಿಸುವ ಕ್ರಮವೂ ಇಲ್ಲ. ಅಂಕ ಬೇಡ, ವರ್ಷಕ್ಕೆ ಎರಡು ಬಾರಿ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಮಾಷ್ಟ್ರ ಕೈಯಲ್ಲಿ ಇಲ್ಲ. ತ್ರಿವುಡೆಯನ್ನು ಮೊದಲು ಹಿಡಿದ ಆ ಹುಡುಗ ಆಗಸ್ಟ್‌ನಲ್ಲಿ ತರಗತಿ ಬಿಟ್ಟ. ಶುಲ್ಕದ ಕಾರಣಕ್ಕಲ್ಲ, ಕೊಡಲಾಗದವರಿಂದ ಮಾಷ್ಟ್ರು ಶುಲ್ಕ ತೆಗೆದುಕೊಳ್ಳುವುದಿಲ್ಲ. ಶನಿವಾರ ಅವನ ಅಮ್ಮ ಕೆಲಸಕ್ಕೆ ಹೋಗುತ್ತಾರೆ, ಸಣ್ಣ ತಂಗಿಯನ್ನು ನೋಡಿಕೊಳ್ಳಲು ಅವನು ಮನೆಯಲ್ಲಿ ಇರಲೇಬೇಕು. ಒಳಗಿನ ಊರುಗಳಿಂದ ಬರುತ್ತಿದ್ದ ಇನ್ನಿಬ್ಬರಿಗೆ ಶನಿವಾರ ಹೊತ್ತಿಗೆ ಸರಿಯಾದ ಬಸ್ಸು ಸಿಗಲಿಲ್ಲ. ಈ ಮೂವರೂ ಸೋಮವಾರದಿಂದ ಶುಕ್ರವಾರದವರೆಗೆ ಅದೇ ಶಾಲೆಯ ಅದೇ ಕೋಣೆಗಳಲ್ಲಿ ಕುಳಿತಿರುತ್ತಾರೆ. ಪಾಠವನ್ನು ಮೂರು ದಿನ ಹಿಂದಕ್ಕೆ ತಂದರೆ ಅವರಿಗೆ ಅದು ದಕ್ಕುತ್ತದೆ. ಗಣಿತವನ್ನೋ ಸಮಾಜ ವಿಜ್ಞಾನವನ್ನೋ ಶನಿವಾರಕ್ಕೆ ದೂಡಿ, ಬರಲಾಗುವವರು ಮಾತ್ರ ಬಂದು ಕಲಿಯಲಿ ಎಂದು ಯಾವ ಶಾಲೆಯೂ ಹೇಳುವುದಿಲ್ಲ.

ಐದರಲ್ಲಿ ಅಂಕ ಕೊಡುವುದಾದರೆ ಪಾಠಕ್ಕೆ ಐದು, ವ್ಯವಸ್ಥೆಗೆ ಮೂರು ಕೊಡುತ್ತೇನೆ. ಆರನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ, ಅದರಲ್ಲಿಯೂ ನಾಲ್ಕು ಜನರ ಎದುರು ಮಾತನಾಡಲು ಅಳುಕುವ ಮಕ್ಕಳಿಗೆ, ಈ ತರಗತಿಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಬೇಗನೆ ವೇಷ ಕಟ್ಟಿಸಿ ರಂಗದ ಮೇಲೆ ಫೋಟೋ ತೆಗೆಯಬೇಕೆಂಬ ಅವಸರವಿರುವವರಿಗೆ ಮೊದಲ ಐದು ವಾರ ಕಷ್ಟವಾದೀತು. ಹೊಸಬರ ಸೇರ್ಪಡೆ ಜೂನ್ ಮೊದಲ ವಾರ ಶಾಲೆಯಲ್ಲಿಯೇ ನಡೆಯುತ್ತದೆ. ಮಗುವಿನೊಂದಿಗೆ ಹೆತ್ತವರಲ್ಲಿ ಒಬ್ಬರು ಮೊದಲ ದಿನ ಇರಬೇಕೆಂದು ಮಾಷ್ಟ್ರು ಬಯಸುತ್ತಾರೆ. ನಮ್ಮ ಮಗಳು ಈ ಸಲ ಮದ್ದಳೆ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ; ಒಂದು ಹಳೆಯ ಮದ್ದಳೆಯನ್ನು ಹೊಸ ಚರ್ಮ ಹಾಕಿಸಿ ತರಗತಿಗೇ ಕೊಡಲು ನಾವು ಮೂರು ಮನೆಯವರು ಸೇರಿ ಏರ್ಪಾಡು ಮಾಡಿದ್ದೇವೆ.

ಬುಧವಾರದ ಕೊನೆಯ ಎರಡು ಅವಧಿಗಳನ್ನು ಆರು ಮತ್ತು ಏಳನೆಯ ತರಗತಿಯ ಎಲ್ಲ ಮಕ್ಕಳಿಗೆ ಕಲಾ ಪಾಠಕ್ಕಾಗಿ ಬಿಟ್ಟುಕೊಡಬೇಕು, ಮಾಷ್ಟ್ರ ಗೌರವಧನವನ್ನು ರಕ್ಷಕ-ಶಿಕ್ಷಕ ಸಂಘದಿಂದ ಭರಿಸಬೇಕು ಎಂದು 17 ಮಂದಿ ಹೆತ್ತವರು ಸಹಿ ಹಾಕಿದ ಮನವಿಯನ್ನು ಮಾರ್ಚ್ ಕೊನೆಯ ವಾರ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇವೆ. ಮೇ ತಿಂಗಳ ಸಭೆಯಲ್ಲಿ ಅದನ್ನು ಎತ್ತಿಕೊಳ್ಳುವುದಾಗಿ ಅವರು ಹೇಳಿದ್ದಾರೆ. ಸಹಿ ಹಾಕಿದವರಲ್ಲಿ ಆ ಹುಡುಗನ ಅಮ್ಮನೂ ಇದ್ದಾರೆ. ಬುಧವಾರವಾದರೆ ಅವನು ಹೇಗೂ ಶಾಲೆಯಲ್ಲಿಯೇ ಇರುತ್ತಾನಲ್ಲವೇ ಎಂದು ಅವರು ಸಹಿ ಹಾಕುವಾಗ ಕೇಳಿದರು.